ಗಿರಣಿ ಕಾಕಾರ ಪಾಳಿ

ಗಿರಣಿ ಕಾಕಾರ ಹುಬ್ಬು ಕಪ್ಪಗಿದ್ದದ್ದನ್ನು ನಾನು ನೋಡಿದ್ದು ಒಂದೇ ಸಲ. ಉಳಿದಂತೆ ಅವು ಸದಾ ಬಿಳಿ. ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು, ಮುಂಗೈ ರೋಮ, ಎಲ್ಲದರ ಮೇಲೂ ಜೋಳದ ಹಿಟ್ಟು ನುಣ್ಣಗೆ ಕೂತಿರುತ್ತಿತ್ತು. ಬೇಸಿಗೆಯಲ್ಲಿ ಬೆವರು ಇಳಿದ ಕಡೆ ಅದು ಕಣಕವಾಗಿ ಕಟ್ಟಿಕೊಳ್ಳುತ್ತಿತ್ತು. ಅದನ್ನು ಅವರು ಹೆಬ್ಬೆರಳಿನಿಂದ ತೀಡಿ ತೆಗೆದು ಗುಬ್ಬಿಗಳಿಗೆ ಎಸೆಯುತ್ತಿದ್ದರು. ಅವರ ಗಿರಣಿಯ ಎದುರಿಗೇ ನನ್ನ ಫೋಟೋ ಸ್ಟುಡಿಯೋ. ರೋಣದ ಆ ಓಣಿಯಲ್ಲಿ ನಾವಿಬ್ಬರೂ ಬೆಳಗಿನಿಂದ ಸಂಜೆಯವರೆಗೆ ಒಬ್ಬರ ಮುಖ ಒಬ್ಬರು ನೋಡುತ್ತ ಬಹಳ ವರ್ಷ ಕಳೆದೆವು. ನೋಡುವುದು ನನ್ನ ಕಸುಬು. ಮಂದಿ ಅಳುವಾಗಲೂ ನಾನು ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಎಂದು ನೋಡುವವನು. "ನಿಮಗ ಮದುವೀನೂ ಫೋಟೋನ, ಮಣ್ಣು ಕೊಡೂದೂ ಫೋಟೋನ" ಎಂದು ನನ್ನ ಹೆಂಡತಿ ಬೈಯುತ್ತಾಳೆ. ಅವಳ ಮಾತಿನಲ್ಲಿ ಸುಳ್ಳೇನಿಲ್ಲ.

ಹುಬ್ಬು ಕಪ್ಪಗೆ ಕಂಡದ್ದು ಅವರು ಪುರಸಭೆ ಚುನಾವಣೆಗೆ ನಿಂತಾಗ. ಕರಪತ್ರಕ್ಕೆ ಫೋಟೋ ಬೇಕೆಂದು ಬಂದರು. ನಾನು ಮುಖ ತೊಳೆಸಿ, ತಲೆ ಬಾಚಿಸಿ, ಸ್ಟುಡಿಯೋದ ಕೋಟು ತೊಡಿಸಿ ಚಂದದ ಫೋಟೋ ತೆಗೆದೆ. ಕರಪತ್ರ ಅಚ್ಚಾಗಿ ಬಂತು. ಓಣಿಯ ಹೆಣ್ಣುಮಕ್ಕಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇಂವಾ ಯಾವಾಂವಾ? ಗಿರಣಿ ಕಾಕಾ ನಿಂತಾರಂತ ಹೇಳಿದ್ರಲ್ಲ?" ಎಂದು ಕೇಳಿದರು. ಕೋಟು ತೆಗೆಸಿ, ಗಿರಣಿಯ ಬಾಗಿಲಲ್ಲೇ ನಿಲ್ಲಿಸಿ, ಹಿಟ್ಟಿನ ಹುಬ್ಬಿನ ಸಮೇತ ಇನ್ನೊಂದು ಫೋಟೋ ತೆಗೆದು ಮತ್ತೆ ಅಚ್ಚು ಹಾಕಿಸಿದೆವು. ನನ್ನ ಕಸುಬಿನಲ್ಲಿ ನಾನು ತೆಗೆದ ಒಳ್ಳೆಯ ಫೋಟೋಗಳಲ್ಲಿ ಅದೂ ಒಂದು.

ಕಾಕಾ ರೋಣದವರಲ್ಲ, ಮಲಪ್ರಭೆಯ ದಂಡೆಯ ಹೊಳೆಮಣ್ಣೂರಿನವರು. ಹರೆಯದಲ್ಲಿ ಒಮ್ಮೆ ಹೊಳೆ ಉಕ್ಕಿ ಬಂದು ಮನೆ ಬಿದ್ದಾಗ, ಹೆಂಡತಿಯನ್ನೂ ಕೈಗೂಸಾಗಿದ್ದ ಮಗಳನ್ನೂ ಕರೆದುಕೊಂಡು ಇಲ್ಲಿಗೆ ಬಂದರು. ಮುಚ್ಚಿಹೋಗಿದ್ದ ಒಂದು ಹಿಟ್ಟಿನ ಗಿರಣಿ ಹಿಡಿದು, ಸವೆದ ಕಲ್ಲು ಬದಲಿಸಿ ಶುರು ಮಾಡಿದರು. ನಮ್ಮ ಕಡೆ ಹೊಸಬರನ್ನು ಮೊದಲು ಕೇಳುವ ಮಾತು "ಯಾವೂರಾತ್ರಿ ನಿಮ್ಮದು?" ಎಂದು. ಕಾಕಾ ಬಂದ ಹೊಸತರಲ್ಲೂ ಮಂದಿ ಅದನ್ನೇ ಕೇಳಿದರು, ಮಗಳು ದೊಡ್ಡವಳಾದ ಮೇಲೂ ಕೇಳಿದರು. ಅವರು ಹೊಳೆಮಣ್ಣೂರು ಎನ್ನುವರು; ಕೇಳಿದವರು "ಹಾಂ, ಹೊಳಿ ಕಡೆ" ಎನ್ನುವರು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಅಂಥವರು ಪುರಸಭೆ ಸದಸ್ಯರಾದದ್ದು ಹೇಗೆಂದರೆ, ನಮ್ಮ ವಾರ್ಡಿನಲ್ಲಿ ಎರಡು ದೊಡ್ಡ ಮನೆಗಳು. ಮೇಲಿನ ಮನೆ, ಕೆಳಗಿನ ಮನೆ. ಒಬ್ಬರು ಹೌದೆಂದರೆ ಇನ್ನೊಬ್ಬರು ಅಲ್ಲ ಎನ್ನಲೇಬೇಕು. ಆ ಸಲ ಎರಡೂ ಮನೆಯವರು ಎಷ್ಟು ಜಿದ್ದಿಗೆ ಬಿದ್ದರೆಂದರೆ, ಯಾರು ಆರಿಸಿ ಬಂದರೂ ಓಣಿಯಲ್ಲಿ ತಲೆ ಒಡೆಯುತ್ತವೆಂದು ಹಿರಿಯರು ಹೆದರಿದರು. ಯಾರ ಕಡೆಯೂ ಅಲ್ಲದ ಒಬ್ಬನನ್ನು ಹುಡುಕಿದರು. ಊರಲ್ಲಿ ಬೀಗರಿಲ್ಲ, ದಾಯಾದಿಗಳಿಲ್ಲ, ಬದುವಿನ ಜಗಳವಿಲ್ಲ, ಅಂಥ ಮನುಷ್ಯ ಗಿರಣಿ ಕಾಕಾ ಒಬ್ಬರೇ. "ಇಂವಾ ಯಾರಾಂವನೂ ಅಲ್ಲ, ಅದಕ್ಕ ಎಲ್ಲಾರಾಂವಾ" ಎಂದು ಒಬ್ಬ ಹಿರಿಯರು ಹೇಳಿದಾಗ ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. ಅವರಿಗೆ ಆ ಮಾತು ಒಳಗೆ ನಾಟಿತ್ತೆಂದು ನನಗೆ ತಿಳಿಯಲು ಬಹಳ ದಿನ ಹಿಡಿಯಿತು.

ಪ್ರಚಾರಕ್ಕೆ ನಾನೂ ಜೊತೆ ಹೋಗುತ್ತಿದ್ದೆ. ಪ್ರತಿ ಮನೆಯ ಮುಂದೆ ನಿಂತು ಕೈ ಮುಗಿದು, "ನಾ ನಿಂತೀನ್ರಿ" ಎಂದಷ್ಟೇ ಹೇಳಿ ಅವರು ಮುಂದಿನ ಮನೆಗೆ ನಡೆದುಬಿಡುವರು. ಹಿಂದಿನಿಂದ ನಾನು "ಓಟ ಹಾಕ್ರಿ" ಎಂದು ಸೇರಿಸಬೇಕಾಗಿತ್ತು. ನನಗೆ ರೇಗಿತು.

"ಏನ್ರಿ ಕಾಕಾ, ಓಟ ಹಾಕ್ರಿ ಅನ್ನಾಕ ನಿಮ್ಮ ಬಾಯಿಗೆ ಏನಾಗೇತಿ?"

"ಕೇಳೂದು ನನಗ ಬರೂದಿಲ್ಲೋ ತಮ್ಮಾ" ಎಂದರು. "ಹೊಳಿ ಬಂದಾಗೊಮ್ಮೆ ನಮ್ಮ ಮಂದಿ ಅಕ್ಕಿ ಕೊಡ್ರಿ, ಚಾದರ ಕೊಡ್ರಿ ಅಂತ ಕೇಳಿ ಕೇಳಿ ಸಣ್ಣವರಾಗ್ಯಾರ. ನಮ್ಮಪ್ಪ ಒಂದ ಚಾದರಕ್ಕ ಕೈ ಚಾಚಿ ನಿಂತಿದ್ದು ನಾ ನೋಡೀನಿ. ಅವತ್ತ ಅನಕೊಂಡೆ, ಇನ್ನ ನಾ ಯಾರನ್ನೂ ಏನೂ ಕೇಳೂದಿಲ್ಲ ಅಂತ."

ಹೀಗೆ ಓಟು ಕೇಳದೆಯೇ ಆರಿಸಿ ಬಂದರು. ಸದಸ್ಯರಾದ ಮೇಲೂ ಗಿರಣಿ ಬಿಡಲಿಲ್ಲ. ಗಿರಣಿಯ ಗದ್ದಲದಲ್ಲಿ ಮಾತಾಡಿ ಮಾತಾಡಿ ಅವರ ದನಿ ದೊಡ್ಡದಾಗಿತ್ತು. ಪುರಸಭೆಯ ಸಭೆಯಲ್ಲಿ "ನಮಸ್ಕಾರ್ರಿ" ಎಂದರೂ ಜಗಳಕ್ಕೆ ಬಂದ ಹಾಗೆ ಕೇಳಿಸುತ್ತಿತ್ತು. ಅಧಿಕಾರಿಗಳು ಬೆಚ್ಚಿ ಕೆಲಸ ಮಾಡಿಕೊಡುತ್ತಿದ್ದರು. ಗಟಾರಿನ ಮೇಲೆ ಹಾಸು ಹಾಕುವಲ್ಲಿ ಹೋಗಿ, ಕಲಸಲು ಸುರಿದಿಟ್ಟ ಉಸುಕನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡಿ, "ದಪ್ಪ ಐತಿ, ಇನ್ನೊಂದ ಸಲ ಜರಡಿ ಹಿಡೀರಿ" ಎನ್ನುವರು. ಜೋಳದ ಹಿಟ್ಟಿಗೂ ಅದೇ ಪರೀಕ್ಷೆ, ಸರಕಾರದ ಕೆಲಸಕ್ಕೂ ಅದೇ ಪರೀಕ್ಷೆ. ಕಟ್ಟಡದವರು ಹಿಂದೆ ಆಡಿಕೊಂಡು ನಗುತ್ತಿದ್ದರು, ಆದರೆ ಜರಡಿ ಹಿಡಿಯುತ್ತಿದ್ದರು.

ಅವರ ಆಡಳಿತವೆಲ್ಲ ಒಂದು ಮಾತಿನಲ್ಲಿ ಹೇಳಬೇಕೆಂದರೆ ಪಾಳಿ. ಗಿರಣಿಯ ಮುಂದೆ ಡಬ್ಬಿ, ಬುಟ್ಟಿ, ಚೀಲಗಳು ಸಾಲಾಗಿ ಕೂತಿರುತ್ತಿದ್ದವು. ಮಂದಿ ನಿಲ್ಲಬೇಕಾಗಿರಲಿಲ್ಲ, ಡಬ್ಬಿ ಇಟ್ಟು ಮನೆಗೆ ಹೋದರೂ ಪಾಳಿ ತಪ್ಪುತ್ತಿರಲಿಲ್ಲ. ದೊಡ್ಡ ಮನೆಯ ಹಿತ್ತಾಳೆ ಡಬ್ಬಿ ಕೂಲಿಯವರ ಗೊಬ್ಬರದ ಚೀಲದ ಹಿಂದೆ ಇದ್ದರೆ ಹಿಂದೆಯೇ. ನೀರಿನ ಟ್ಯಾಂಕರ್ ಬಂದಾಗಲೂ ಅದೇ. ತಮ್ಮ ಹೆಂಡತಿಯ ಕೊಡ ಸಾಲಿನ ಕೊನೆಗಿದ್ದರೆ, ನೀರು ಅಲ್ಲಿಯವರೆಗೆ ಬರದಿದ್ದರೆ, ಅವತ್ತು ಆ ಮನೆಯಲ್ಲಿ ನೀರಿಲ್ಲ. ಅವರ ಹೆಂಡತಿ, ನಮ್ಮೆಲ್ಲರ ಕಾಕು, ನನ್ನ ಹೆಂಡತಿಯ ಕಡೆಯಿಂದ ಒಂದು ಕೊಡ ಒಯ್ಯುತ್ತ, "ಮೆಂಬರ್ ಹೆಂಡ್ತಿ ನೋಡ್ರವಾ ನಾ" ಎಂದು ಹಣೆ ಬಡಿದುಕೊಂಡು ನಗುತ್ತಿದ್ದರು. ಒಮ್ಮೆ ಹೆಣ್ಣುಮಗಳೊಬ್ಬಳು, ತನ್ನ ಹಿಟ್ಟಿನಲ್ಲಿ ಮೊದಲಿನವರ ಸಜ್ಜೆ ಹಿಟ್ಟು ಕೂಡಿತೆಂದು ಜಗಳ ತೆಗೆದಳು. ಕಾಕಾ ಕೂಗಿಯೇ ಹೇಳಿದರು: "ಯವ್ವಾ, ಕಲ್ಲಾಗ ಒಂದ ಹಿಡಿ ಹಿಂದಿನವರದು ಉಳದ ಉಳೀತೈತಿ. ಮುಂದಿನವರಿಗೆ ನಿಂದೂ ಒಂದ ಹಿಡಿ ಹೊಕ್ಕೇತಿ. ಈ ಊರಾಗ ಬರೇ ತನ್ನ ಹಿಟ್ಟಿನ ರೊಟ್ಟಿ ತಿಂದಾವರು ಯಾರೂ ಇಲ್ಲ." ಆ ಮಾತನ್ನು ಅವರು ತಮಗೂ ಹೇಳಿಕೊಂಡಿದ್ದರೆ ಮುಂದಿನ ಫಜೀತಿ ಆಗುತ್ತಿರಲಿಲ್ಲ.

ಅವರ ಅವಧಿಯ ಕೊನೆಕೊನೆಗೆ, ಒಂದು ಶ್ರಾವಣದಲ್ಲಿ, ಮಲಪ್ರಭೆ ಮತ್ತೆ ಬಂತು. ಹೊಳೆಯ ದಂಡೆಯ ಮಂದಿ ಟ್ರ್ಯಾಕ್ಟರುಗಳಲ್ಲಿ ಪಾತ್ರೆ, ಹಾಸಿಗೆ, ಕುರಿಮರಿ ಸಮೇತ ರೋಣಕ್ಕೆ ಬಂದರು. ಶಾಲೆಗಳು ತುಂಬಿದವು. ಹೊಳೆಮಣ್ಣೂರಿನ ಒಂದಷ್ಟು ಮನೆಯವರು ನೇರ ನಮ್ಮ ಓಣಿಗೇ ಬಂದು ಗಿರಣಿಯ ಮುಂದೆ ಇಳಿದರು. ಅವರಲ್ಲಿ ಕಾಕಾರ ದೊಡ್ಡಪ್ಪನ ಮಗನೂ ಇದ್ದ, ವಯಸ್ಸಿನಲ್ಲಿ ಹಿರಿಯ. ನಮ್ಮ ವಾರ್ಡಿನ ಸಮುದಾಯ ಭವನದ ಕೀಲಿ ಕಾಕಾರ ಕಡೆಗೇ ಇರುತ್ತಿತ್ತು. ಅದು ಬಂದವರಿಗೂ ಗೊತ್ತಿತ್ತು.

ಆದರೆ ಭವನದಲ್ಲಿ ಮೂರನೆಯ ದಿನಕ್ಕೆ ಮದುವೆ. ಮೇಲಿನ ಮನೆಯ ಯಜಮಾನಿ, ಓಣಿಯೆಲ್ಲ ಆಯಿ ಎಂದು ಕರೆಯುವ ಅಜ್ಜಿಯ ಮೊಮ್ಮಗಳದು. ಒಲೆ ಹೂಡಿಯಾಗಿತ್ತು, ಪಾತ್ರೆ ಇಳಿಸಿಯಾಗಿತ್ತು. ಫೋಟೋದ ಕೆಲಸ ನನಗೇ ಹೇಳಿದ್ದರು.

ಕಾಕಾರ ಮುಖವನ್ನು ನಾನು ನನ್ನ ಬಾಗಿಲಿನಿಂದ ನೋಡುತ್ತಿದ್ದೆ. ಕೀಲಿ ಜೇಬಿನಲ್ಲಿತ್ತು, ಕೈ ಅಲ್ಲಿಯವರೆಗೆ ಹೋಗಿ ಹಿಂದೆ ಬಂತು. "ಭವನ ಕೊಡಾಕ ಬರೂದಿಲ್ಲ" ಎಂದರು. ಗಿರಣಿ ಬಂದ್ ಮಾಡಿ, ಯಂತ್ರದ ಬೆಲ್ಟು ಬಿಚ್ಚಿ, ಚೀಲಗಳನ್ನು ಗೋಡೆಗೆ ಒಟ್ಟಿ, "ಇಲ್ಲೇ ಇರ್ರಿ, ಮನ್ಯಾಗೂ ಜಾಗಾ ಐತಿ" ಎಂದರು. ತಗಡಿನ ಮಾಡು ಸೋರುತ್ತಿತ್ತು. ಕೂಸುಗಳು ಹಿಟ್ಟಿನಲ್ಲಿ ಹೊರಳಿ ಬೆಳ್ಳಗಾದವು, ಕೆಮ್ಮತೊಡಗಿದವು. ಆ ಅಣ್ಣ ಹೊರಗೆ ಕಟ್ಟೆಯ ಮೇಲೆ ಕೂತು, ಯಾರ ಮುಖವನ್ನೂ ನೋಡದೆ ಹೇಳಿದ: "ನಮ್ಮೂರ ಕೂಸು ಅಂತ ಬಂದ್ವಿ. ನೀ ರೋಣದಾಂವ ಆಗಿ ಕುಂತಿ." ಕಾಕಾ ಒಂದು ಖಾಲಿ ಡಬ್ಬಿ ಒಯ್ದು ಮಾಡು ಸೋರುವ ಕಡೆ ಇಟ್ಟರು. ಅಣ್ಣನ ಮಾತು ನಿಜವಾಗಿದ್ದರೆ ಅವರು ಸುಖಿ. ರೋಣದವರಾಗಿಲ್ಲವೆಂಬ ಹೆದರಿಕೆಗೇ ಅವರು ಕೀಲಿ ಮುಚ್ಚಿಟ್ಟದ್ದು. ಭವನ ತೆಗೆದರೆ, "ನೋಡ್ರಿ, ತನ್ನ ಮಂದಿ ಬಂದ ಕೂಡಲೆ ನಮ್ಮ ಮದುವಿ ಬೀದಿಗೆ ಹಾಕಿದ" ಎಂದು ಓಣಿ ಅಂದೀತು ಎಂದು ಅವರ ಲೆಕ್ಕ.

ಗಿರಣಿ ನಿಂತಿತ್ತಲ್ಲ, ಮದುವೆ ಮನೆಯ ಹಿಟ್ಟೂ ನಿಂತಿತು. ಬುಂದೆಗೆ ಕಡಲೆ ಬೀಸಬೇಕು. ಡಬ್ಬಿ ಒಯ್ದ ಹೆಣ್ಣಾಳು ಹಾಗೇ ವಾಪಸು ಹೋದಳು. ಮರುದಿನ ಬೆಳಿಗ್ಗೆ ಆಯಿ ತಾವೇ ಕೋಲು ಊರಿಕೊಂಡು ಬಂದರು. ತೆಳ್ಳಗೆ, ನೆಟ್ಟಗೆ, ಮೂಗಿನಲ್ಲಿ ದೊಡ್ಡ ನತ್ತು, ಓಣಿಯಲ್ಲಿ ಅವರೆದುರು ಗಂಡಸರೂ ಬೀಡಿ ಸೇದುತ್ತಿರಲಿಲ್ಲ. ಅರ್ಧ ಮುಚ್ಚಿದ ಬಾಗಿಲನ್ನು ಕೋಲಿನಿಂದ ಸರಿಸಿ ಒಳಗೆ ನೋಡಿದರು.

"ಯಾರಿವರು?"

"ನಮ್ಮೂರಾವರ್ರಿ ಆಯಿ. ಹೊಳಿ ಬಂದೈತಿ."

"ಭವನದ ಕೀಲಿ ಯಾರ ಕಡೆ ಐತಿ?"

"ನನ್ನ ಕಡೆನ ಐತ್ರಿ. ಅಲ್ಲೆ ನಿಮ್ಮ ಮೊಮ್ಮಗಳ ಲಗ್ನ..."

"ನನ್ನ ಕೇಳಿದಿ ಏನು?"

ಕಾಕಾ ಹುಬ್ಬಿನ ಹಿಟ್ಟು ಒರೆಸಿಕೊಂಡರು. ಕೊನೆಗೆ, "ಕೇಳಿದ್ರ ನೀವು..." ಎಂದರು.

"ಏನಂತಿದ್ದೆ? ಹೇಳು, ಏನಂತಿದ್ದೆ ನಾನು?" ಆಯಿಯ ದನಿ ಏರಿತು. "ನನ್ನ ಬಾಯಾಗಿನ ಮಾತ ನೀನ ಆಡಿಕೊಂಡಿ. ಆಯಿ ಒಲ್ಲೆ ಅಂತಾಳಂತ ನೀನ ತಿಳಕೊಂಡಿ. ನೀ ಬಂದಾಗಿಂದ ನಮ್ಮ ಜ್ವಾಳಾ ನಿನ್ನ ಕಲ್ಲಾಗ ಬಿದ್ದೈತಿ. ನಾವು ನಿನ್ನ ಪರದೇಶಿ ಅಂದಿಲ್ಲೋ ತಮ್ಮಾ. ನೀನ ನಮ್ಮನ್ನ ಪರದೇಶಿ ಮಾಡಿದಿ."

ಅದು ಪೂರ್ತಿ ಖರೆಯಲ್ಲ. ಮೇಲಿನ ಮನೆಯ ಕಟ್ಟೆಯ ಮೇಲೇ "ಹೊಳಿ ಕಡ್ಯಾಂವ" ಎಂದು ಕಾಕಾರನ್ನು ಆಡಿಕೊಂಡದ್ದನ್ನು ನಾನು ಕೇಳಿದ್ದೇನೆ. ಆದರೆ ಆ ಹೊತ್ತಿಗೆ ಆಯಿ ಹೇಳಿದ್ದು ಅವರ ಹೊಟ್ಟೆಯೊಳಗಿನ ಮಾತು. ಕಾಕಾರ ಕೈ ಜೇಬಿಗೆ ಹೋಗುವ ಮೊದಲೇ ಆಯಿ ಕೈ ಚಾಚಿ ಕೀಲಿ ಇಸಿದುಕೊಂಡರು. ಹೊಳೆಮಣ್ಣೂರಿನವರು ಅವರ ಹಿಂದೆ ಭವನಕ್ಕೆ ನಡೆದರು.

ಮದುವೆ ಮೇಲಿನ ಮನೆಯ ಮುಂದೆ, ಓಣಿಯಲ್ಲೇ ಹಂದರ ಹಾಕಿ ಆಯಿತು. ಅಡಿಗೆಗೆ ಕೆಳಗಿನ ಮನೆಯವರು ತಮ್ಮ ಹಿತ್ತಲು ಬಿಟ್ಟುಕೊಟ್ಟರು. ಕನಿಕರಕ್ಕೋ, ಹೆಸರೆಲ್ಲ ಮೇಲಿನ ಮನೆಗೇ ಹೋಗಬಾರದೆಂಬ ಹಟಕ್ಕೋ ನನಗೆ ಗೊತ್ತಿಲ್ಲ. ಹೊಳೆಮಣ್ಣೂರಿನ ಹೆಂಗಸರು ರೊಟ್ಟಿ ಬಡಿದರು. ಕಾಕಾ ಬೆಲ್ಟು ಏರಿಸಿ ಕಡಲೆ ಬೀಸಿದರು. ಆ ಮದುವೆಯ ಗುಂಪು ಫೋಟೋ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿ ಬೀಗರಿಗಿಂತ ಹೊಳೆಯ ಕಡೆಯ ಕೂಸುಗಳೇ ಹೆಚ್ಚು. ಕಾಕಾ ಮಾತ್ರ ಅದರಲ್ಲಿಲ್ಲ. ಕರೆದರೂ ಬರಲಿಲ್ಲ.

ಹೊಳೆ ಇಳಿದು ಮಂದಿ ತಮ್ಮೂರಿಗೆ ಹೋದರು. ಆಯಿಯ ಸಿಟ್ಟು ಇಳಿಯಲಿಲ್ಲ. ಮೇಲಿನ ಮನೆಯ ಹಿತ್ತಾಳೆ ಡಬ್ಬಿ ಗಿರಣಿಯನ್ನು ದಾಟಿಕೊಂಡು ಬಸ್ ಸ್ಟ್ಯಾಂಡಿನ ಹತ್ತಿರದ ಬೇರೆ ಗಿರಣಿಗೆ ಹೋಗತೊಡಗಿತು. ಅದು ಹೋಗುವುದನ್ನೂ ಬರುವುದನ್ನೂ ಕಾಕಾ ನೋಡುವರು. ಒಂದು ದಿನ ನನ್ನ ಅಂಗಡಿಗೆ ಬಂದು, ಗುಟ್ಟು ಹೇಳುವವರ ಹಾಗೆ ಬಗ್ಗಿ, ಇಡೀ ಓಣಿಗೆ ಕೇಳುವಂತೆ ಕೂಗಿದರು: "ಅಲ್ಲೋ ತಮ್ಮಾ, ನಾ ಅವರ ಮದುವಿ ಉಳಸಾಕ ಹೋಗಿದ್ದೆ. ತಪ್ಪ ಮಾಡಿದ್ನೇನು?"

"ಒಂದ ಮಾತ ಕೇಳಬೇಕಿತ್ತ ನೋಡ್ರಿ" ಎಂದೆ.

"ಒಲ್ಲೆ ಅಂದಿದ್ರ?"

"ಅಂದಿದ್ರ ಅಂದಿದ್ರು. ತಮ್ಮ ಮಂದಿ ಒಲ್ಲೆ ಅನ್ನೂದಿಲ್ಲೇನ್ರಿ?"

ಅವರು ನನ್ನ ಗೋಡೆಯ ಮೇಲಿನ ಫೋಟೋಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಹೋದರು. ಹೊಸ ಜೋಳ ಬರುವ ಹೊತ್ತಿಗೆ, ಒಂದು ಬೆಳಿಗ್ಗೆ, ಹಿತ್ತಾಳೆ ಡಬ್ಬಿ ಮತ್ತೆ ಸಾಲಿನಲ್ಲಿ ಕೂತಿತ್ತು. ಕಾಕಾ ಅದನ್ನು ನೋಡಿದರು, ನನ್ನ ಕಡೆ ನೋಡಿದರು. ಪಾಳಿ ತಪ್ಪಿಸಿ ಮುಂದೆ ತೆಗೆದುಕೊಳ್ಳಲಿಲ್ಲ. ಅದರ ಮುಂದಿನವರದೆಲ್ಲ ಮುಗಿದ ಮೇಲೆಯೇ ಬೀಸಿದರು. ಆದರೆ ಅವತ್ತು ಗಿರಣಿಯ ಗದ್ದಲದೊಳಗೆ ಅವರು ಹಾಡುತ್ತಿದ್ದದ್ದನ್ನು ನಾನು ಮೊದಲ ಸಲ ಕೇಳಿದೆ. ಕೆಟ್ಟ ದನಿ.

ಮುಂದಿನ ಚುನಾವಣೆಗೆ ವಾರ್ಡು ಹೆಣ್ಣುಮಕ್ಕಳಿಗೆ ಮೀಸಲಾಯಿತು. ಕಾಕುವನ್ನು ನಿಲ್ಲಿಸಿರೆಂದು ಕೆಲವರು ಹೇಳಿದರು. "ಆಕೀ ನಿಂತು ನಾ ಮೆಂಬರ್ ಅನಿಸಿಕೊಳ್ಳೂದು ಬ್ಯಾಡ" ಎಂದು ಕಾಕಾ ಅಲ್ಲಿಗೇ ಬಿಟ್ಟರು. ಸದಸ್ಯತ್ವ ಹೋದರೂ ಮಂದಿ ಮೆಂಬರ್ ಎನ್ನುವುದು ಬಿಡಲಿಲ್ಲ. ಕೆಲವು ವರ್ಷಗಳಾದ ಮೇಲೆ ಕೆಮ್ಮು ಹತ್ತಿತು. ಗದಗಿನ ದವಾಖಾನೆಯಲ್ಲಿ, ಎದೆಯಲ್ಲಿ ಹಿಟ್ಟು ಇಳಿದಿದೆ, ಗಿರಣಿ ಬಿಡಿ ಎಂದರು. ನರೇಗಲ್ಲಿಗೆ ಕೊಟ್ಟಿದ್ದ ಮಗಳು ಮತ್ತು ಅಳಿಯ ಬಂದು ಗಿರಣಿ ನೋಡಿಕೊಳ್ಳತೊಡಗಿದರು. ಕಾಕಾ ಕಟ್ಟೆಯ ಮೇಲೆ ಕೂತು ಪಾಳಿ ಕಾಯುವರು.

ಆ ದಿನಗಳಲ್ಲೇ ಆಯಿ ನನಗೆ ಹೇಳಿ ಕಳಿಸಿದರು. "ಗ್ವಾಡಿಗೆ ಹಾಕೂ ಫೋಟೋ ಒಂದ ತಗಿ. ನಾ ಹೋದ ಮ್ಯಾಲೆ ಈ ಮೊಮ್ಮಕ್ಕಳು ಯಾವುದರೆ ಲಗ್ನದ ಗುಂಪಿನಾಗಿಂದ ನನ್ನ ಮುಖಾ ಕತ್ತರಿಸಿ ಹಾಕತಾವು" ಎಂದರು. ಅಂಗಳದಲ್ಲಿ ಕುರ್ಚಿ ಹಾಕಿ, ಇಳಕಲ್ ಸೀರೆಯ ಸೆರಗು ಸರಿ ಮಾಡಿಸಿ, ನಾನು ಕ್ಯಾಮೆರಾ ಹಿಡಿದಿದ್ದೆ. ಆಗ ಕಾಕಾ ಬಂದು ಹೊಸ್ತಿಲಲ್ಲಿ ನಿಂತರು. ಉಸಿರು ಏರುತ್ತಿತ್ತು, ಆದರೂ ದನಿ ಹಳೆಯದೇ.

"ಆಯಿ, ನಾ ಒಂದ ಕೇಳಾಕ ಬಂದೀನ್ರಿ."

ನಾನು ಕ್ಯಾಮೆರಾ ಇಳಿಸಿದೆ. ಆಯಿಯೂ ಮುಖ ತಿರುಗಿಸಿದರು.

"ನಿಮ್ಮ ಹೊಲದಾಗ, ಆ ಬೇವಿನ ಗಿಡದ ಬಾಜೂಕ, ನನಗ ಒಂದ ಮಣ್ಣಿನ ಜಾಗಾ ಕೊಡ್ತೀರೇನು?"

ಆ ಎರೆ ಹೊಲ ಊರ ಹೊರಗಿದೆ. ಆ ಬೇವಿನ ಗಿಡದ ಕೆಳಗೆ ಆಯಿಯ ಯಜಮಾನರ ಮಣ್ಣಾಗಿದೆ. ತಮ್ಮ ಜಾಗ ಅದರ ಪಕ್ಕದಲ್ಲೆಂದು ಆಯಿ ಮೊದಲೇ ತೋರಿಸಿ ಇಟ್ಟಿದ್ದರು.

"ನಿಮ್ಮೂರಾಗ ನಿಮಗ ಹೊಲ ಇಲ್ಲೇನು?"

"ಐತ್ರಿ. ಹೊಳಿ ದಂಡಿ. ನಮ್ಮಪ್ಪನ್ನ ಮಣ್ಣ ಮಾಡಿದ ಗದ್ದಗಿ ಹೊಳ್ಯಾಗ ಹೋತು. ಎಲ್ಲೆ ಇತ್ತಂತ ಗುರ್ತ ಸೈತ ಸಿಗಲಿಲ್ಲ." ಆಮೇಲೆ ಸೇರಿಸಿದರು: "ಅದಕ್ಕಲ್ಲ. ಅದೂ ಐತಿ, ಆದ್ರ ಅದಕ್ಕಲ್ಲ. ನನಗ ಇಲ್ಲೇ ಇರಬೇಕು ಅನಸ್ತೈತಿ."

ಆಯಿ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ. ಆದರೆ ಅವರ ಬಾಯಿ ಬಿಡಬೇಕಲ್ಲ. "ಈಗ ಕೇಳಿದಿ ನೋಡು" ಎಂದರು. "ಕೊಟ್ಟೆ. ಆದ್ರ ಪಾಳಿ ಐತಿ, ತಿಳೀತಿಲ್ಲೋ? ಮೊದಲ ನಾನು."

ಕಾಕಾ ನಕ್ಕು, ನಕ್ಕದ್ದಕ್ಕೇ ಕೆಮ್ಮಿ, ಹೊಸ್ತಿಲ ಮೇಲೆ ಕೂತುಬಿಟ್ಟರು.

ಆ ವರ್ಷದ ಚಳಿಗಾಲದಲ್ಲೇ ಕಾಕಾ ತೀರಿಕೊಂಡರು. ಸುದ್ದಿ ಕೇಳಿ ಹೊಳೆಮಣ್ಣೂರಿನಿಂದ ಆ ಅಣ್ಣ ಗಾಡಿ ಮಾಡಿಕೊಂಡೇ ಬಂದ. ಮೈ ತೊಳೆಯುವಾಗ ನಾನೂ ಇದ್ದೆ. ಹಿಟ್ಟೆಲ್ಲ ಹೋದ ಮೇಲೂ ಹುಬ್ಬು ಬಿಳಿಯಾಗಿಯೇ ಇತ್ತು. ಅವರು ಯಾವಾಗ ಮುದುಕರಾದರೆಂದು, ದಿನಾ ಎದುರಿಗೇ ಇದ್ದ ನನಗೆ ಗೊತ್ತಾಗಿರಲಿಲ್ಲ. ನನಗೆ ಅಳು ಬಂತು. ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತೋ ನಾನು ನೋಡಲಿಲ್ಲ.

"ಎತ್ರಿ, ಊರಿಗೆ ಒಯ್ಯೂನು" ಎಂದ ಅಣ್ಣ.

"ಅವರು ಇಲ್ಲೆ ಜಾಗಾ ಕೇಳಿ ಇಟ್ಟಾರ್ರಿ" ಎಂದರು ಕಾಕು.

ಅಣ್ಣ ನಂಬಲಿಲ್ಲ. "ಕೇಳಿದ್ನಾ? ನಮ್ಮ ತಮ್ಮ? ಅಂವಾ ಹುಟ್ಟಿದಾಗಿಂದ ಯಾರನ್ನೂ ಏನೂ ಕೇಳಿದಾಂವಲ್ಲ. ಯಾರನ್ನ ಕೇಳಿದ?"

ಗುಂಪಿನ ಹಿಂದಿನಿಂದ ಕೋಲಿನ ಸದ್ದು ಬಂತು. ಮಂದಿ ದಾರಿ ಬಿಟ್ಟರು.

"ನನ್ನ ಕೇಳ್ಯಾನ" ಎಂದರು ಆಯಿ.

ಅಣ್ಣ ಅವರ ಮುಖವನ್ನೇ ನೋಡಿದ. ಆಮೇಲೆ ತಲೆಯ ಮೇಲಿನ ವಸ್ತ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಹೆಗಲು ಕೊಡಲು ಮುಂದೆ ಬಂದ. ಗಾಡಿ ಖಾಲಿ ನಿಂತಿತು.

ಹೊಲದಲ್ಲಿ ಬಿಳಿಜೋಳ ತೆನೆ ಹಿಡಿದಿತ್ತು. ಮಣ್ಣು ಕೊಡುವಾಗ ಆಯಿ ಕೋಲನ್ನು ನನ್ನ ಕೈಗಿತ್ತು, ಬಗ್ಗಿ ಒಂದು ಹಿಡಿ ಎರೆ ಮಣ್ಣು ತೆಗೆದುಕೊಂಡರು. ಕೂಡಲೇ ಹಾಕಲಿಲ್ಲ. ಕೆಳಗೆ ನೋಡುತ್ತ, ಎದುರಿಗೆ ಕೂತವರಿಗೆ ಹೇಳುವ ದನಿಯಲ್ಲಿ ಹೇಳಿದರು:

"ಜಲಮೆಲ್ಲಾ ಮಂದೀನ್ನ ಪಾಳಿಗೆ ನಿಲ್ಲಿಸಿದಿ. ಕಡೀಕ ನನ್ನ ಪಾಳಿ ನೀನ ತಗೊಂಡ್ಯಲ್ಲೋ ತಮ್ಮಾ."

ಹಿಡಿ ಬಿಚ್ಚಿ ಮಣ್ಣು ಹಾಕಿ, ಕೋಲಿಗೆ ಕೈ ಚಾಚಿದರು. ಹಿಂದಿನವರಿಗೆ ದಾರಿ ಬಿಟ್ಟು, ಬೇವಿನ ಗಿಡದ ಆ ಕಡೆಗೆ ಸರಿದು ನಿಂತರು.